ಹದಿನಾರು ತಾಸಿನ ಮುಖ

ಬಾಷುಮಿಯಾನ ಬೆಳಗು ಅಂಗಿಯ ಕಾಲರಿನಿಂದ ಶುರುವಾಗುತ್ತಿತ್ತು. ಮೊದಲು ಕಾಲರು, ಆಮೇಲೆ ತೋಳು, ಕೊನೆಗೆ ಬೆನ್ನು. ರಂಗಂಪೇಟೆಯ ಓಣಿಯೊಂದರ ಅವನ ಇಸ್ತ್ರಿ ಅಂಗಡಿಯಲ್ಲಿ ಇಪ್ಪತ್ತೆರಡು ವರ್ಷದಿಂದ ಈ ಕ್ರಮ ತಪ್ಪಿರಲಿಲ್ಲ. ಸಾಬೂದಾನಿ ಕುದಿಸಿ, ತೆಳು ಬಟ್ಟೆಯಲ್ಲಿ ಸೋಸಿ, ತಾನೇ ಮಾಡುತ್ತಿದ್ದ ಗಂಜಿ ನೀರಿನ ಮೇಲೆ ಅವನಿಗಿದ್ದ ಅಭಿಮಾನ ಅಷ್ಟಿಷ್ಟಲ್ಲ. ಯಾರಾದರೂ ಅವನ ಮಗಳನ್ನು ಹೊಗಳಿದರೆ ನಕ್ಕು ಸುಮ್ಮನಾಗುತ್ತಿದ್ದ. ಗಂಜಿಯನ್ನು ಹೊಗಳಿದರೆ ಚಹಾ ತರಿಸುತ್ತಿದ್ದ.

"ನಾ ಗಂಜಿ ಹಾಕಿದ ಅಂಗಿ, ಒಳಗಿನ ಮನಷಾ ಕುಂತರೂ ತಾ ಕುಂದರಂಗಿಲ್ಲ," ಎನ್ನುತ್ತಿದ್ದ. ಸಾಕ್ಷಿ ಕೇಳಿದವರಿಗೆ ದೇವಿಂದ್ರನ ಹೆಸರು ಹೇಳುತ್ತಿದ್ದ. ದೇವಿಂದ್ರ ಶಹಾಪುರದ ಲೈನ್‌ಮನ್. ಶಹಾಪುರದಲ್ಲಿ ಇಸ್ತ್ರಿ ಅಂಗಡಿಗಳಿಗೇನೂ ಬರವಿಲ್ಲ. ಆದರೂ ಎರಡು ವರ್ಷದಿಂದ ಪ್ರತಿ ಐತವಾರ ಆ ಹುಡುಗ ಮೋಟಾರ್ ಸೈಕಲ್ ಮೇಲೆ ರಂಗಂಪೇಟೆಗೆ ಬಂದು, ಎರಡು ಅಂಗಿ ಕೊಟ್ಟು, ಅವು ಆಗುವವರೆಗೆ ಅಂಗಡಿ ಮುಂದಿನ ಕಲ್ಲಿನ ಮೇಲೆ ಕೂತು ಕಾಯುತ್ತಿದ್ದ. ಗಂಜಿಗೆ ಇದಕ್ಕಿಂತ ದೊಡ್ಡ ಪ್ರಶಸ್ತಿ ಇನ್ನೇನು ಬೇಕು?

ಅದೇ ದೇವಿಂದ್ರನ ಲಗ್ನ ಇವತ್ತು. ಹುಡುಗಿ ಎದುರು ಮನೆಯ ಮರಿಲಿಂಗಪ್ಪ ಮಾಸ್ತರರ ಮಗಳು ಶಿವಲೀಲಾ. ಶಹಾಪುರದ ಫಂಕ್ಷನ್ ಹಾಲಿನಲ್ಲಿ ಹನ್ನೆರಡೂ ಮೂವತ್ತೈದಕ್ಕೆ ಅಕ್ಕಿಕಾಳಿನ ಮುಹೂರ್ತ. ಓಣಿಯ ಅರ್ಧ ಬಟ್ಟೆ ಬಾಷುಮಿಯಾನ ಮೇಜಿನ ಮೇಲಿತ್ತು.

ಅದಕ್ಕಿಂತ ದೊಡ್ಡ ಸಂಗತಿ ಮನೆಯೊಳಗೆ ನಡೆದಿತ್ತು. ಅವನ ಹೆಂಡತಿ ಮೆಹನಾಜ ಮೂರು ತಿಂಗಳು ಬೆಳಗಿನ ಬಸ್ಸಿಗೆ ಯಾದಗಿರಿಗೆ ಹೋಗಿ ಮದುಮಗಳ ಮೇಕಪ್ ಕಲಿತು ಬಂದಿದ್ದಳು. ಇವತ್ತಿನದು ಅವಳ ಮೊದಲ ಮದುಮಗಳು. ಇನ್ನೂ ಮೂರು ಮನೆಯವರು "ಶಿವಲೀಲಾನ ಮುಖ ನೋಡಿ ಹೇಳ್ತೀವಿ" ಎಂದಿದ್ದರು. ಮೇ ತಿಂಗಳ ಬಿಸಿಲಲ್ಲಿ ಮೇಕಪ್ ಇಳಿಯದಿರಲೆಂದು ಅವಳು ಹೈದರಾಬಾದಿನಿಂದ ಒಂದು ಸೆಟ್ಟಿಂಗ್ ಸ್ಪ್ರೇ ತರಿಸಿದ್ದಳು. ಮೇಕಪ್ ಮುಗಿದ ಮೇಲೆ ಅದನ್ನು ಮಂಜಿನಂತೆ ಮುಖಕ್ಕೆ ಹೊಡೆದರೆ ಹಚ್ಚಿದ್ದು ಹದಿನಾರು ತಾಸು ಹಾಗೇ ನಿಲ್ಲುತ್ತದೆ. ಆ ಸಣ್ಣ ಬಾಟಲಿಯನ್ನು ಮೆಹನಾಜ ಕಿಟಕಿಯ ಮೇಲಿಟ್ಟು, ಮಿಕ್ಕ ಸಾಮಾನು ಹೊತ್ತು ಎದುರು ಮನೆಗೆ ಹೋಗಿದ್ದಳು.

ಬಾಷುಮಿಯಾ ಕಾಲರು ಮುಗಿಸಿ ತೋಳಿಗೆ ಬಂದಿದ್ದ. ಆಗ ಬಾಗಿಲಲ್ಲಿ ಒಂದು ಗರ್ಜನೆ ಕೇಳಿಸಿತು.

"ಏ ಬಾಷುಮಿಯಾ! ನನ್ನ ಜುಬ್ಬಾ ಎಲ್ಲದನೋ? ಕ್ರೂಸರ್ ಗಾಡಿ ಬಂದು ನಿಂತದ!"

ಹುಡುಗಿಯ ಸೋದರಮಾವ ಹಂಪಣ್ಣ ಬರೀ ಬನಿಯನ್ನಿನಲ್ಲಿ ನಿಂತಿದ್ದ.

"ಐದು ಮಿನಿಟ್ ಹಂಪಣ್ಣೋರ."

"ಐದು ಮಿನಿಟಂತ ಏಳಕ್ಕ ಹೇಳಿದ್ದಿ, ಈಗ ಎಂಟಾಗ್ಯಾದ! ಬನೀನ್ ಮ್ಯಾಲ ಸೋದರಮಾವ ನಿಂತ್ರ ಬೀಗರು ಏನಂದಾರು?"

ಬಾಷುಮಿಯಾ ಜುಬ್ಬಾ ಹರಡಿದ. ನೀರು ಚಿಮುಕಿಸುವ ಬಾಟಲಿ ಎತ್ತಿ ಒತ್ತಿದ. ಬರಲಿಲ್ಲ. ಅಲ್ಲಾಡಿಸಿ ಒತ್ತಿದ. ಗಂಜಿ ಕಟ್ಟಿ ತೂತು ಮುಚ್ಚಿಹೋಗಿತ್ತು. ಹಂಪಣ್ಣ ಮೀಸೆ ತಿರುವಿದ. ಬಾಷುಮಿಯಾನ ಕೈ ತಾನಾಗಿಯೇ ಕಿಟಕಿಯ ಕಡೆ ಹೋಯಿತು.

ಆಹಾ! ಎಂಥ ಮಂಜು! ಕಣ್ಣಿಗೆ ಕಾಣದಷ್ಟು ಸಣ್ಣ ಹನಿ. ಇಪ್ಪತ್ತೆರಡು ವರ್ಷದಲ್ಲಿ ಅವನು ಇಂಥ ಮಂಜು ಕಂಡಿರಲಿಲ್ಲ. ಎದೆಗೆ ಹೊಡೆದ, ಬೆನ್ನಿಗೆ ಹೊಡೆದ. ಜುಬ್ಬಾ ಅಗಲ, ಒಳಗೆ ಇಳಿಯಬೇಕಾದ ಹಂಪಣ್ಣ ಇನ್ನೂ ಅಗಲ. ಎರಡನೇ ತೋಳು ಮುಗಿಯುವ ಹೊತ್ತಿಗೆ ಬಾಟಲಿ ಖಾಲಿ. ಹಂಪಣ್ಣ ಬಿಸಿಬಿಸಿ ಜುಬ್ಬಾ ತೊಟ್ಟು ಓಡಿದ.

ಸುಸ್ಲಾ ತಿನ್ನುತ್ತ ಕೂತಿದ್ದ ಏಳು ವರ್ಷದ ಮಗಳು ನುಜ್ಹತ, "ಅಬ್ಬಾ, ಅದು ಅಮ್ಮಿದು," ಎಂದಳು.

ಬಾಷುಮಿಯಾ ಬಾಟಲಿಯನ್ನು ಬೆಳಕಿಗೆ ಹಿಡಿದ. ತಳದಲ್ಲಿ ಒಂದು ಹನಿಯೂ ಇರಲಿಲ್ಲ. ಆದರೆ ಕುಶಲಕರ್ಮಿಯಾದವನು ಸುಲಭಕ್ಕೆ ಧೈರ್ಯಗೆಡುವುದಿಲ್ಲ.

"ಹದಿನಾರು ತಾಸು ನಿಲ್ತದಂತ ಅಂದಿದ್ದಳಲ್ಲ ನಿಮ್ಮ ಅಮ್ಮಿ?"

"ಹ್ಞೂಂ."

"ಬರೇ ಹದಿನಾರು?" ಬಾಷುಮಿಯಾನ ಮುಖ ಅರಳಿತು. "ನಂದು ಮೂರು ದಿನ ನಿಲ್ತದ!"

ಹಚ್ಚಿದ್ದು ಅಲುಗಬಾರದು, ಅಷ್ಟೇ ತಾನೆ ಕೆಲಸ? ಅದು ಅಂಗಿಯಾದರೇನು, ಮುಖವಾದರೇನು? ಅವನು ಗಂಜಿಯನ್ನು ಮತ್ತೊಮ್ಮೆ ಸೋಸಿ ಅದೇ ಖಾಲಿ ಬಾಟಲಿಗೆ ತುಂಬಿದ. ವಾಸನೆಗೆ ಎರಡು ಹನಿ ಗುಲಾಬಿ ನೀರು ಬಿಟ್ಟ. ಲಗ್ನದ ಮನೆಯದು, ತೆಳ್ಳಗಾಗಬಾರದೆಂದು ಮೇಲಿನ ತಿಳಿ ಚೆಲ್ಲಿ, ತಳದ ಗಟ್ಟಿಯನ್ನೇ ಹಾಕಿದ್ದ. ಮಗಳ ಕೈಯಲ್ಲಿ ಕೊಟ್ಟು, "ಅಮ್ಮಿಗಿ ಕೊಟ್ಟು ಬಾ. ಏನೂ ಮಾತಾಡಬ್ಯಾಡ ಮತ್ತ," ಎಂದ.

ಎದುರು ಮನೆಯಲ್ಲಿ ಮೆಹನಾಜ ಎರಡು ತಾಸು ಬಗ್ಗಿ ನಿಂತು ಶಿವಲೀಲಾನ ಮುಖ ತಿದ್ದಿದ್ದಳು. ಅಕ್ಕಪಕ್ಕದ ಹೆಂಗಸರು ಬಾಗಿಲಲ್ಲಿ ನಿಂತು ಒಬ್ಬರ ಮೇಲೊಬ್ಬರು ಬಿದ್ದು ನೋಡುತ್ತಿದ್ದರು. ಹುಡುಗಿಯ ತಾಯಿ ದೇವಕಮ್ಮ ಮೂರು ಸಲ ಬಂದು ಒಂದೇ ಮಾತು ಕೇಳಿದಳು.

"ಮೆಹನಾಜ, ಬೆವರಿಗಿ ಇಳಿತದೇನವಾ?"

"ಇಳಿಯಂಗಿಲ್ರಿ ಕಾಕಿ. ನಾಳಿ ಹೊತ್ತು ಹೊಂಡೋ ತನಕ ಹಿಂಗೇ ಇರ್ತದ."

ಮೆಹನಾಜ ಬಾಟಲಿ ಒತ್ತಿದಳು. ಹನಿ ಯಾಕೋ ದಪ್ಪಗೆ ಬಿದ್ದವು. ಬಿಸಿಲಿಗೆ ಹೀಗಾಗಿರಬೇಕು ಎಂದುಕೊಂಡು, ಅದೇ ಬಿಸಿಲನ್ನು ನೆನೆದು, ಒಂದರ ಬದಲು ಮೂರು ಸುತ್ತು ಹೊಡೆದಳು. "ಒಣಗೋ ತನಕ ನಗಬ್ಯಾಡ ಶಿವಲೀಲಾ, ಮಾತೂ ಬ್ಯಾಡ."

ಕ್ರೂಸರ್ ಗಾಡಿ ಹದಿನಾಲ್ಕು ಜನರನ್ನು ತುಂಬಿಕೊಂಡು ಶಹಾಪುರದ ರಸ್ತೆ ಹಿಡಿಯಿತು. ಕಿಟಕಿಯಿಂದ ಬರುವ ಗಾಳಿ ಇಸ್ತ್ರಿ ಪೆಟ್ಟಿಗೆಯ ಬಾಯಿಂದ ಬಂದಷ್ಟು ಬಿಸಿಯಾಗಿತ್ತು. ಗಂಜಿಗೆ ಇದಕ್ಕಿಂತ ಒಳ್ಳೆಯ ಗಾಳಿ ಸಿಗುವುದಿಲ್ಲ. ಅರ್ಧ ದಾರಿಯಲ್ಲಿ ಶಿವಲೀಲಾ ಹಲ್ಲುಗಳ ನಡುವಿನಿಂದ, "ಮೆಹನಾಜಕ್ಕಾ, ಮುಖ ಹಿಡಕೊಂಡದ," ಎಂದಳು. ಅಷ್ಟು ಹೇಳಿದ್ದಕ್ಕೇ ತುಟಿಯ ಪಕ್ಕ ಕೂದಲೆಳೆಯಂಥ ಬಿರುಕು ಬಿಟ್ಟಿತು.

"ಬಾಯಿ ಬಿಡಬ್ಯಾಡವಾ! ನಿನಗ ಕೈ ಮುಗಿತೀನಿ!" ಮೆಹನಾಜ ಬಿರುಕಿಗೆ ಪೌಡರ್ ತುಂಬಿದಳು. ತುಂಬಿದ್ದು ನಿಲ್ಲಲೆಂದು ಮತ್ತೆ ಎರಡು ಸುತ್ತು ಸ್ಪ್ರೇ ಹೊಡೆದಳು.

ಅಲ್ಲಿಗೆ ಶಿವಲೀಲಾ ಮಾತು ಬಿಟ್ಟಳು.

ಫಂಕ್ಷನ್ ಹಾಲಿನಲ್ಲಿ ಅವಳ ಮುಖವನ್ನು ನೋಡಿದವರೆಲ್ಲ ಮೊದಲು ಅಬ್ಬಬ್ಬಾ ಎಂದರು. ಒಂದು ಹನಿ ಬೆವರಿಲ್ಲ. ವರನ ಹಣೆಯಿಂದ ಬೆವರು ಸುರಿದು ಬಾಸಿಂಗ ತೊಯ್ದಿತ್ತು. ಭಟ್ಟರ ಹೊಟ್ಟೆ ತೊಯ್ದಿತ್ತು. ಶಿವಲೀಲಾ ಮಾತ್ರ ಈಗಷ್ಟೇ ಮಡಿಕೆ ಬಿಚ್ಚಿದ ಇಸ್ತ್ರಿ ಅಂಗಿಯಂತೆ ಕೂತಿದ್ದಳು. ಮೆಹನಾಜ ಸೀರೆಯ ಸೆರಗು ಸರಿಪಡಿಸಿಕೊಂಡು ಮುಂದಿನ ಸಾಲಿನಲ್ಲಿ ನಿಂತಳು. ಮಗಳನ್ನು ಕರೆದುಕೊಂಡು ಬಂದಿದ್ದ ಬಾಷುಮಿಯಾ ಆ ಮುಖವನ್ನು ನೋಡಿ, ತನ್ನ ಗಂಜಿ ಎಂದು ಯಾರಿಗೂ ಹೇಳಲಾಗದ ಸಂಕಟದಲ್ಲಿ ಒದ್ದಾಡಿದ.

ಈ ಸುಖ ಕಾಲು ತಾಸು ನಡೆಯಿತು.

ನಾದಿನಿಯರು ಬಂದು ಚೇಷ್ಟೆ ಮಾಡಿದರು. ಶಿವಲೀಲಾ ನಗಲಿಲ್ಲ. ಫೋಟೋದವನು, "ಸ್ವಲ್ಪ ನಗರಿ ಅಕ್ಕೋರ," ಎಂದ. ನಗಲಿಲ್ಲ. ದೇವಿಂದ್ರ ಯಾರಿಗೂ ಕಾಣದಂತೆ ಓರೆಗಣ್ಣಲ್ಲಿ ನೋಡಿ ನಕ್ಕ. ಅವಳು ಗೋಡೆಯಂತೆ ಕೂತಳು. ದೇವಿಂದ್ರನ ನಗು ಅರ್ಧಕ್ಕೇ ನಿಂತಿತು.

ಇದನ್ನೆಲ್ಲ ಲೆಕ್ಕ ಇಟ್ಟವಳು ವರನ ಸೋದರತ್ತೆ ಹಣಮಂತಮ್ಮ. "ಹೊಲದಾಗಿನ ಬೆದರುಗೊಂಬಿಗಾದ್ರೂ ಒಂದು ನಗಿ ಬರೆದಿರ್ತಾರ. ಇದೇನವಾ ಈ ಹುಡುಗಿ?"

ಆ ಮಾತು ಮೊದಲ ಸಾಲಿನಿಂದ ಹೊರಟಾಗ 'ಹುಡುಗಿಗಿ ಬ್ಯಾಸರಾಗ್ಯಾದ' ಎಂದಿತ್ತು. ನಡುವಿನ ಸಾಲಿಗೆ 'ಹುಡುಗಿಗಿ ಮನಸಿಲ್ಲ' ಎಂದಾಯಿತು. ಊಟದ ಪಂಕ್ತಿಯಲ್ಲಿ ಮಜ್ಜಿಗೆ ಬಡಿಸುವ ಹೊತ್ತಿಗೆ, 'ಹುಡುಗೀನ ಕೈಕಾಲು ಕಟ್ಟಿ ಕ್ರೂಸರ್‌ನಾಗ ಹಾಕ್ಕೊಂಡು ಬಂದಾರಂತ' ಎಂದು ಬೆಳೆದಿತ್ತು.

ಅಲ್ಲಿ ಗುರುದೇವಿ ಮೇಡಂ ಊಟಕ್ಕೆ ಕೂತಿದ್ದರು. ಲಗ್ನಗಳಲ್ಲಿ ಹುಡುಗಿಯ ವಯಸ್ಸು ತಪಾಸಣೆ ಮಾಡುವ ಸರ್ಕಾರಿ ಕೆಲಸ ಅವರದು. ಶಿವಲೀಲಾನ ವಯಸ್ಸು ಇಪ್ಪತ್ಮೂರು ಎಂದು ಶಾಲೆಯ ಕಾಗದ ನೋಡಿ, ಸಂತೋಷದಿಂದ ಹೋಳಿಗೆಗೆ ತುಪ್ಪ ಹಾಕಿಸಿಕೊಂಡಿದ್ದರು. ಈ ಸುದ್ದಿ ಬಿದ್ದದ್ದೇ ಹೋಳಿಗೆಯನ್ನು ಹಾಗೇ ಬಿಟ್ಟು, ಕೈ ತೊಳೆದು, ಫೈಲು ಎತ್ತಿಕೊಂಡು ವೇದಿಕೆ ಹತ್ತಿದರು.

"ಲಗ್ನ ನಿಂದ್ರಸ್ರಿ! ಒತ್ತಾಯದ ಲಗ್ನ ಅಂತ ದೂರು ಬಂದದ."

"ಯಾರು ಕೊಟ್ಟಾರ್ರಿ ದೂರು?" ಮರಿಲಿಂಗಪ್ಪ ಮಾಸ್ತರರು ತಬ್ಬಿಬ್ಬಾದರು.

"ಎಲ್ಲಾರೂ."

ವಾಲಗದವರು ಊದುವುದನ್ನು ನಿಲ್ಲಿಸಿದರು. ಗಡಿಯಾರ ಹನ್ನೆರಡೂ ಹತ್ತು ತೋರಿಸುತ್ತಿತ್ತು.

ಗುರುದೇವಿ ಮೇಡಂ ನಿಯಮ ಬಿಟ್ಟು ಹೋಗುವವರಲ್ಲ. ಮೊದಲು ಪಾಲಕರ ಹೇಳಿಕೆ, ಆಮೇಲೆ ಬೀಗರದು, ಆಮೇಲೆ ಸಾಕ್ಷಿಗಳದು. ಹುಡುಗಿಯದು ಕೊನೆಯ ಹಾಳೆಯಲ್ಲಿತ್ತು. "ಮಾಸ್ತರ್ರ, ಮಗಳ ಒಪ್ಪಿಗಿ ತಗೊಂಡೀರೇನು?"

ಮೂವತ್ತು ವರ್ಷ ಬೇರೆಯವರಿಗೆ ಪ್ರಶ್ನೆ ಕೇಳಿದ ಮಾಸ್ತರರಿಗೆ ಉತ್ತರ ಕೊಡುವ ರೂಢಿ ತಪ್ಪಿತ್ತು. "ನನ್ನ ಮಗಳು ಎಸ್ಸೆಸ್ಸೆಲ್ಸಿ ಒಳಗ ಫಸ್ಟ್ ಕ್ಲಾಸ್ರಿ," ಎಂದರು.

"ಅದಲ್ರಿ ನಾ ಕೇಳಿದ್ದು."

"ಗಣಿತದಾಗ ತೊಂಬತ್ತೆಂಟು."

ದೇವಕಮ್ಮ ಸೆರಗು ಬಾಯಿಗಿಟ್ಟುಕೊಂಡು ಅತ್ತಳು. "ನೋಡ್ರಿ, ತಾಯಿ ಕರಳು ತಾನಾಗೇ ಬಾಯಿ ಬಿಡಾಕತ್ತದ," ಎಂದು ಹಣಮಂತಮ್ಮ ಅಳುವಿಗೂ ಅರ್ಥ ಹೇಳಿದಳು.

ಗದ್ದಲದ ನಡುವೆ ನುಜ್ಹತ ಅಪ್ಪನ ಅಂಗಿ ಜಗ್ಗಿದಳು. "ಅಬ್ಬಾ, ಒಂದು ಮಾತು ಕೇಳಲೇನು?"

"ಈಗ ಬ್ಯಾಡ ಬೇಟಾ."

ಹಂಪಣ್ಣ ಎದೆಯುಬ್ಬಿಸಿ ಮುಂದೆ ಬಂದ. "ಯಾರ್ರಿ ಅದು ಒತ್ತಾಯ ಅಂದಾಂವ? ನಾ ಸೋದರಮಾವ ಇದ್ದೇನಿ!"

ದೀಪಗಳ ಬೆಳಕು ಅವನ ಮೇಲೆ ಬಿತ್ತು. ಹಂಪಣ್ಣ ಥಳಥಳ ಹೊಳೆದ. ಎದೆ ಹೊಳೆಯಿತು, ತೋಳು ಹೊಳೆಯಿತು, ತಿರುಗಿ ನಿಂತಾಗ ಬೆನ್ನೂ ಹೊಳೆಯಿತು. ಗುರುದೇವಿ ಮೇಡಂ ಕಣ್ಣು ಕಿರಿದು ಮಾಡಿದರು. "ಇದೇನ್ರಿ ನಿಮ್ಮ ಜುಬ್ಬಾ ಹಿಂಗ ಮಿಂಚಾಕತ್ತದ?"

"ಬಾಷುಮಿಯಾನ ಇಸ್ತ್ರಿರಿ," ಎಂದ ಹಂಪಣ್ಣ, ತನಗೂ ಆಶ್ಚರ್ಯವಾಗಿ.

ಮೆಹನಾಜ ಜುಬ್ಬಾ ನೋಡಿದಳು. ಹೈದರಾಬಾದಿನ ಸ್ಪ್ರೇಯಲ್ಲಿ ಮುಖ ಹೊಳೆಯಲೆಂದು ಬೆರೆಸಿದ್ದ ಮಿಂಚು ಅದು. ಆಮೇಲೆ ಶಿವಲೀಲಾನ ಮುಖ ನೋಡಿದಳು. ಅಲ್ಲಿ ಒಂದು ಚೂರೂ ಮಿಂಚಿಲ್ಲ. ಕೊನೆಗೆ ಗಂಡನನ್ನು ನೋಡಿದಳು. ಬಾಷುಮಿಯಾ ಚಾವಣಿಯ ಫ್ಯಾನುಗಳನ್ನು ಎಣಿಸುತ್ತಿದ್ದ.

ಅಡಿಗೆಮನೆಯ ಅಕ್ಕಿಮೂಟೆಗಳ ಹಿಂದೆ ಗಂಡ ಹೆಂಡಿರ ವಿಚಾರಣೆ ನಡೆಯಿತು.

"ಬಾಟಲಿಯೊಳಗ ಏನು ಹಾಕೀರಿ?"

"ಗಂಜಿ."

"ಗಂಜಿ?"

"ತಳದ್ದು. ಗಟ್ಟಿ ಇರಲಿ ಅಂತ."

ಮೆಹನಾಜ ಮೂಟೆಯ ಮೇಲೆ ಕುಸಿದು ಕೂತಳು. ಅವಳು ಬೈದಿದ್ದರೆ ಬಾಷುಮಿಯಾ ತಡೆದುಕೊಳ್ಳುತ್ತಿದ್ದ. ಅವಳು ಬೈಯಲಿಲ್ಲ. "ಮೂರು ತಿಂಗಳು," ಎಂದಳು ಅಷ್ಟೇ. ಆಮೇಲೆ ಎದ್ದು ಕಣ್ಣೊರೆಸಿಕೊಂಡಳು. "ನನ್ನ ಹೆಸರು ಹೋದರ ಹೋಗಲಿ. ಆ ಹುಡುಗಿ ಲಗ್ನ ಮುರಿಬಾರದು. ನೀವು ಹೋಗಿ ಇದ್ದದ್ದು ಇದ್ದಂಗ ಹೇಳ್ರಿ. ನಾ ಅರಿವಿ ತೋಯಿಸ್ಕೊಂಡು ಬರ್ತೀನಿ."

ಬಾಷುಮಿಯಾ ವೇದಿಕೆ ಹತ್ತಿ ಕೈಮುಗಿದ. "ತಪ್ಪು ನಂದ್ರಿ."

"ಒಪ್ಕೊಂಡ!" ಹಣಮಂತಮ್ಮ ಚಪ್ಪಾಳೆ ತಟ್ಟಿದಳು. "ನಾ ಅಂದಿದ್ದಿಲ್ಲೇನು? ಹುಡುಗೀನ ಹೆದರಿಸಿ ಲಗ್ನ ಕುದುರಿಸಿದಾಂವ ಇವನೇ!"

"ಅಲ್ರಿಯಮ್ಮಾ. ನಾ ಇಸ್ತ್ರಿಯಾಂವ. ಹುಡುಗಿ ಮುಖಕ್ಕ ಗಂಜಿ ಬಿದ್ದದ. ಅದಕ್ಕ ಆಕಿಗಿ ನಗಾಕ ಬರವಲ್ದು."

"ಕೇಳಿದ್ರೇನು?" ಹಣಮಂತಮ್ಮ ಜನರ ಕಡೆ ತಿರುಗಿದಳು. "ಹುಡುಗಿಗಿ ಗಂಜಿ ಹಾಕಿ ಇಸ್ತ್ರಿ ಮಾಡ್ಯಾನಂತ! ಸುಳ್ಳಾದ್ರೂ ನಂಬೂವಂಥಾದ್ದು ಹೇಳೋ ಯಪ್ಪಾ!"

ಅಷ್ಟರಲ್ಲಿ ಮೆಹನಾಜ ಒದ್ದೆ ಅರಿವೆ ಹಿಡಿದು ಶಿವಲೀಲಾನ ಹತ್ತಿರ ಧಾವಿಸಿದಳು. ಗುರುದೇವಿ ಮೇಡಂ ಅಡ್ಡ ನಿಂತರು. "ಮುಖ ಮುಟ್ಟಬ್ಯಾಡ್ರಿ! ಅದು ಸಾಕ್ಷಿ. ಪಂಚನಾಮಿ ಆಗೋ ತನಕ ಹಂಗೇ ಇರಬೇಕು."

ಮುಖದ ಪಂಚನಾಮೆ ಹೇಗೆ ಬರೆಯುವುದೆಂದು ಯಾರಿಗೂ ತಿಳಿಯಲಿಲ್ಲ. ಮಾಸ್ತರರು ಅಭ್ಯಾಸಬಲದಿಂದ, "ಮೊದಲು ಅಂಚು ಬಿಡ್ರಿ, ತಾರೀಖು ಹಾಕ್ರಿ," ಎಂದರು.

ಮೇಡಂ ದೇವಿಂದ್ರನ ಕಡೆ ತಿರುಗಿದರು. "ನೀವು ಹುಡುಗೀನ ಮೊದಲು ನೋಡಿದ್ರೇನು?"

ದೇವಿಂದ್ರ ತಲೆ ತಗ್ಗಿಸಿದ. "ಎರಡು ವರ್ಷದಿಂದ ನೋಡಾಕತ್ತೇನ್ರಿ. ಐತವಾರಕ್ಕೊಮ್ಮೆ. ಇಸ್ತ್ರಿ ನೆವ ಮಾಡಿ ಹೋಗಿ ಅವರ ಮನಿ ಎದುರು ಕುಂದರ್ತಿದ್ದೆ. ಶಹಾಪುರದಾಗ ಇಸ್ತ್ರಿ ಮಾಡಿಸಿದ ಅಂಗೀನೇ ಮುದ್ದಿ ಮಾಡ್ಕೊಂಡು ಒಯ್ತಿದ್ದೆ."

ಬಾಷುಮಿಯಾ ಎಲ್ಲವನ್ನೂ ಮರೆತ. ಪಂಚನಾಮೆ ಮರೆತ, ಹೆಂಡತಿಯನ್ನು ಮರೆತ. "ಅಂದ್ರ ದೇವಿಂದ್ರ, ನೀ ನನ್ನ ಗಂಜಿಗಿ ಬರ್ತಿದ್ದಿಲ್ಲೇನು?"

"ಗಂಜಿ ಚಲೋನೇ ಇರ್ತಿತ್ತು ಚಾಚಾ," ದೇವಿಂದ್ರ ಸಮಾಧಾನ ಹೇಳಿದ. "ಕುತ್ತಿಗಿಗಿ ಚುಚ್ಚತಿತ್ತು, ಅಷ್ಟೇ."

ಎರಡು ವರ್ಷದ ಪ್ರಶಸ್ತಿ ಹೀಗೆ ಸಾವಿರ ಜನರ ಮುಂದೆ ಹೋಯಿತು.

ದೇವಿಂದ್ರ ಮೇಡಂ ಕಡೆ ತಿರುಗಿದ. "ನಾ ಬಂದ್ರ ಆಕಿ ಬಾಗಿಲಕ್ಕ ಬಂದು ನಗ್ತಿದ್ದಳ್ರಿ ಮೇಡಂ. ಇವತ್ತ ನಾ ಪಕ್ಕದಾಗ ಕುಂತೀನಿ, ನಗವಲ್ಲಳು. ಮನಸು ತಿರುಗ್ಯಾದ ಅಂದ್ರ ನಾ ಒತ್ತಾಯ ಮಾಡಾಂವಲ್ಲ." ಅವನ ಕೈ ಬಾಸಿಂಗದ ದಾರಕ್ಕೆ ಹೋಯಿತು.

ದೇವಕಮ್ಮ ಚೀರಿದಳು. ಶಿವಲೀಲಾನ ಕಣ್ಣು ಅರಳಿ ದೊಡ್ಡವಾದವು. ಆದರೆ ಸಾಕ್ಷಿಯೆಂದು ಗೊತ್ತುಮಾಡಿದ ಮುಖವನ್ನು ಅಲುಗಿಸಬಹುದೋ ಬಾರದೋ ಅವಳಿಗೂ ತಿಳಿಯದು. ತಲೆ ಅಲುಗಿಸಿದರೆ ಹಣೆಗೆ ಕಟ್ಟಿದ ಹೂವಿನ ದಂಡಿ ಜಾರುತ್ತದೆಂದು ಮುತ್ತೈದೆಯರು ಬೇರೆ ಹೆದರಿಸಿದ್ದರು.

"ತಡೀ!" ಬಾಷುಮಿಯಾ ಕೂಗಿದ. ಹೆಂಡತಿಯ ಚೀಲದಿಂದ ಬಾಟಲಿ ಕಿತ್ತುಕೊಂಡ. "ಗಂಜಿ ಹೌದೋ ಅಲ್ಲೋ ಎಲ್ಲಾರೂ ಕಣ್ಣಾರೆ ನೋಡ್ರಿ!" ತನ್ನ ಮುಖಕ್ಕೇ ಬಾಟಲಿ ಖಾಲಿಯಾಗುವವರೆಗೆ ಹೊಡೆದುಕೊಂಡ. ಕೂಲರಿನ ಮುಂದೆ ಹೋಗಿ ಗಲ್ಲವೆತ್ತಿ ನಿಂತ. ಹಾಲಿಗೆ ಹಾಲೇ ಅವನ ಮುಖ ಒಣಗುವುದನ್ನು ಕಾಯಿತು. ಹನ್ನೆರಡೂ ಇಪ್ಪತ್ತಾಯಿತು. ಹನ್ನೆರಡೂ ಇಪ್ಪತ್ತೈದಾಯಿತು.

ಒಣಗಿತು. ಬಾಷುಮಿಯಾ ವಿಜಯದಿಂದ ಜನರತ್ತ ತಿರುಗಿ ಬಾಯಿ ತೆರೆಯಹೋದ. ಬಾಯಿ ತೆರೆಯಲಿಲ್ಲ. ಹುಬ್ಬೆತ್ತಲು ನೋಡಿದ. ಹುಬ್ಬೂ ಏಳಲಿಲ್ಲ. ರುಜುವಾತು ಪೂರ್ತಿಯಾಗಿತ್ತು, ಹೇಳಬೇಕಾದ ಸಾಕ್ಷಿಗೇ ಬಾಯಿಲ್ಲ.

"ಏನ್ರಿ ನೀವು ತೋರ್ಸೋದು?" ಗುರುದೇವಿ ಮೇಡಂ ಪೆನ್ನು ಹಿಡಿದು ಕೇಳಿದರು.

"ಮ್ಮ್," ಎಂದ ಬಾಷುಮಿಯಾ.

"ಫೈಲು ನೋಡಿದ ಕೂಡ್ಲೇ ನಾಲಿಗಿ ಬಿದ್ದುಹೋತು!" ಹಣಮಂತಮ್ಮ ತೀರ್ಪು ಕೊಟ್ಟಳು.

ಅಲ್ಲಿಂದ ಎಲ್ಲರೂ ಒಮ್ಮೆಲೇ ಮಾತಿಗೆ ನಿಂತರು. ಹಂಪಣ್ಣ ಹೊಳೆಯುತ್ತ ತೋಳೇರಿಸಿದ. ಮೆಹನಾಜ ಗಂಡನ ಮುಖವನ್ನು ತೋರಿಸಿ ಇದೇ ಗಂಜಿ, ಇದೇ ಗಂಜಿ ಎಂದಳು, ಯಾರಿಗೂ ಕೇಳಲಿಲ್ಲ. ಭಟ್ಟರು ಮುಹೂರ್ತ ಮುಹೂರ್ತ ಎಂದು ಕೈಗಡಿಯಾರ ಬಡಿದರು. ಹುಡುಗಿಯ ಮನಸ್ಸಿನಲ್ಲಿ ಏನಿದೆಯೆಂದು ಮಾವ ಹೇಳಿದ, ಅತ್ತೆ ಹೇಳಿದಳು, ಮಜ್ಜಿಗೆ ಬಡಿಸುವವನೂ ಬಂದು ಹೇಳಿದ. ಹುಡುಗಿಯನ್ನು ಮಾತ್ರ ಯಾರೂ ಕೇಳಲಿಲ್ಲ.

ನುಜ್ಹತ ಮೇಡಂ ಸೀರೆ ಜಗ್ಗಿದಳು. "ದೊಡ್ಡವರು ಮಾತಾಡಾಕತ್ತಾರ, ಅತ್ಲಾಗ ಹೋಗವಾ," ಎಂದರು ಮೇಡಂ. ಅಮ್ಮಿಯ ಸೆರಗು ಜಗ್ಗಿದಳು, ಅಮ್ಮಿ ತಿರುಗಲಿಲ್ಲ. ಅಬ್ಬಾನ ಕಡೆ ನೋಡಿದಳು. ಈ ಸಲ ಅವನು, "ಈಗ ಬ್ಯಾಡ" ಎನ್ನಲಿಲ್ಲ. ಎನ್ನಲು ಅವನಿಗೆ ಬರುವಂತಿರಲಿಲ್ಲ.

ಅವಳು ಭಟ್ಟರ ಮಣೆಯ ಮೇಲೆ ಹತ್ತಿ ನಿಂತಳು. ಮಂತ್ರಕ್ಕೆಂದು ಇಟ್ಟಿದ್ದ ಮೈಕು ಸರಿಯಾಗಿ ಅವಳ ಬಾಯಿಯ ಎತ್ತರಕ್ಕಿತ್ತು. ಶಿವಲೀಲಾನ ಮಡಿಲಲ್ಲಿ ಮುದುಡಿದ್ದ ಮೆಹೆಂದಿಯ ಕೈ ಹಿಡಿದು, ಅವಳ ಕಣ್ಣನ್ನೇ ನೋಡುತ್ತ ಅವಳು ಕೇಳಿದಳು. ಆ ದನಿ ಹಾಲಿನಲ್ಲಿ ಮೊಳಗಿ, ಊಟದ ಪಂಕ್ತಿ ದಾಟಿ, ಹೊರಗೆ ನಿಂತ ಕ್ರೂಸರ್‌ವರೆಗೂ ಹೋಯಿತು:

"ಶಿವಲೀಲಕ್ಕಾ, ದೇವಿಂದ್ರ ಮಾಮಾನ್ನ ಲಗ್ನ ಆಗಾಕ ನಿನಗ ಮನಸದನೋ ಇಲ್ಲೋ?"